ಇಂಗಾಲದ ಸೂಕ್ಷ್ಮಕಣಗಳು ಮತ್ತು ಮತ್ಸ್ಯಪರೀಕ್ಷೆ: ಒಂದು ಚಾರಿತ್ರಿಕ ಪರಿಶೀಲನೆ

೧

ಒಂದು ಪದಾರ್ಥವು ವಿಷವೇ ಅಲ್ಲವೇ ಎಂಬುದನ್ನು ಮನುಷ್ಯನಿಗಿಂತ ಮೊದಲು ಬೇರೊಂದು ಜೀವದ ಮೇಲೆ ಪರೀಕ್ಷಿಸಿ ತಿಳಿಯುವ ಕ್ರಮ ಇತ್ತೀಚಿನದಲ್ಲ. ಅರಸನಿಗೆ ಬಡಿಸುವ ಅನ್ನವನ್ನು ಮೊದಲು ಅಗ್ನಿಗೂ ಪಕ್ಷಿಗಳಿಗೂ ಅರ್ಪಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ವಿಷದ ಸಾಮೀಪ್ಯದಲ್ಲಿ ಕ್ರೌಂಚಕ್ಕೆ ಮದವೇರುವುದೆಂದೂ ಚಕೋರದ ಕಣ್ಣಿನ ಬಣ್ಣ ಕೆಡುವುದೆಂದೂ ಅಲ್ಲಿ ಹೇಳಿದೆ. ಈ ಗ್ರಂಥದ ಓಲೆಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾದುದು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಕನ್ನಡದಲ್ಲಿಯೇ, ೧೪ನೆಯ ಶತಮಾನದ ಒಂದನೆಯ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿಟ್ಟುಕೊಂಡು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ನಮ್ಮ ಪ್ರಾಚೀನ ಅಗದತಂತ್ರವು ವಿಷವನ್ನು ಸ್ಥಾವರ, ಜಂಗಮ, ಕೃತ್ರಿಮ ಎಂದು ವಿಂಗಡಿಸಿತು. ಈ ಪರಂಪರೆಯ 'ಗರವಿಷ'ವೆಂಬ ಕಲ್ಪನೆಯಲ್ಲಿ, ಬಿಡಿಬಿಡಿಯಾಗಿ ವಿಷವಲ್ಲದ ದ್ರವ್ಯಗಳ ಕೂಟದಿಂದಲೂ ವಿಷ ಹುಟ್ಟಬಹುದೆಂಬ ತಿಳಿವಳಿಕೆ ಅಡಗಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಬಯಸುವುದು ತೀರ ಈಚಿನ ಒಂದು ಪ್ರಕರಣವನ್ನು. ಫುಲ್ಲರೀನ್, ನ್ಯಾನೊನಳಿಕೆ ಮೊದಲಾದ ಇಂಗಾಲದ ಹೊಸ ರೂಪಗಳು ನೀರನ್ನು ಸೇರಿದರೆ ಜಲಚರಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ೨೦೦೪ರಿಂದೀಚೆಗೆ ಮೀನುಗಳ ಮೂಲಕ ಉತ್ತರ ಹುಡುಕಿದರು. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. ಆ ಉತ್ತರದ ಮೊದಲ ಆವೃತ್ತಿ ಹೇಗೆ ಹುಟ್ಟಿತು, ಹೇಗೆ ಹಬ್ಬಿತು, ಯಾವ ಆಧಾರದ ಮೇಲೆ ತಿದ್ದಲ್ಪಟ್ಟಿತು ಎಂಬುದು ಹಸ್ತಪ್ರತಿಗಳ ಪಾಠಪರಿಷ್ಕರಣದಲ್ಲಿ ತೊಡಗಿದವರಿಗೆ ಬಹಳ ಪರಿಚಿತವಾದ ಕಥೆ. ಅಷ್ಟು ಸಂಬಂಧ ಸಾಕೆಂದು ಭಾವಿಸಿದ್ದೇವೆ.

೨

ಮೀನು ಸಾಕ್ಷಿಯಾದುದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಮೀನಿಗೂ ನಂಜಿಗೂ ಇರುವ ಸಂಬಂಧವನ್ನು ಜನಸಾಮಾನ್ಯರು ಪ್ರಯೋಗಶಾಲೆಗಳಿಗಿಂತ ಬಹು ಹಿಂದೆಯೇ ಅರಿತಿದ್ದರು. ಕಾಕಮಾರಿಯ ಕಾಯನ್ನು ಅರೆದು ಮಡುವಿನ ನೀರಿಗೆ ಕದಡಿ, ಮತಿಗೆಟ್ಟು ತೇಲುವ ಮೀನನ್ನು ಹಿಡಿಯುವ ಪದ್ಧತಿ ಪಶ್ಚಿಮ ಘಟ್ಟದ ಆಸುಪಾಸಿನಲ್ಲಿ ಪ್ರಸಿದ್ಧವಾದುದು. ಮಲಯಾಳದಲ್ಲಿ 'ನಂಜ್' ಎಂಬ ಪದಕ್ಕೆ ಮೀನಿಗೆ ಹಾಕುವ ವಿಷವೆಂಬ ವಿಶೇಷಾರ್ಥವೇ ಇದೆ. ಕನ್ನಡದ 'ನಂಜು' ಅಷ್ಟು ಸಂಕುಚಿತವಾಗಲಿಲ್ಲ. ಮೀನು ಉಸಿರಾಡುವುದು ನೀರಿನಲ್ಲಿ, ಅದರ ಕಿವಿರು ಸದಾ ನೀರಿಗೆ ತೆರೆದ ಬಾಗಿಲು. ಆದಕಾರಣ ನೀರಿನಲ್ಲಿ ಏನು ಬೆರೆತರೂ ಮೊದಲು ತಿಳಿಯುವುದು ಅದಕ್ಕೆ.

ಇದನ್ನು ಅಳತೆಯ ಶಾಸ್ತ್ರವಾಗಿ ಮಾರ್ಪಡಿಸಿದ್ದು ೨೦ನೆಯ ಶತಮಾನ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಕಾರ್ಖಾನೆಗಳ ತ್ಯಾಜ್ಯವು ಮೀನುಗಳ ಮೇಲೆ ಮಾಡುವ ಪರಿಣಾಮವನ್ನು ಕುರಿತು ವಿಕ್ಟರ್ ಶೆಲ್ಫರ್ಡ್ ೧೯೧೭ರಲ್ಲಿ ಪ್ರಯೋಗಾತ್ಮಕ ಅಧ್ಯಯನವೊಂದನ್ನು ಪ್ರಕಟಿಸಿದನು. ಹತ್ತು ವರ್ಷಗಳ ತರುವಾಯ, ೧೯೨೭ರಲ್ಲಿ, ಇಂಗ್ಲೆಂಡಿನ ಜೆ. ಡಬ್ಲ್ಯು. ಟ್ರೆವನ್ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವನ್ನೇ ವಿಷದ ಅಳತೆಗೋಲಾಗಿ ಬಳಸಬೇಕೆಂದು ಸೂಚಿಸಿದನು. ನೀರಿನ ಪರೀಕ್ಷೆಗಳಲ್ಲಿ ಇದೇ ಅರ್ಧಮಾರಕ ಸಾಂದ್ರತೆಯೆಂಬ ಹೆಸರು ಪಡೆಯಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಓಇಸಿಡಿ, ೧೯೮೧ರಲ್ಲಿ ತನ್ನ ೨೦೩ನೆಯ ಮಾರ್ಗಸೂಚಿಯನ್ನು ಹೊರಡಿಸಿತು. ೧೯೯೨ರಲ್ಲಿಯೂ ೨೦೧೯ರಲ್ಲಿಯೂ ಅದು ಪರಿಷ್ಕೃತವಾಯಿತು. ಕನಿಷ್ಠ ೫ ಸಾಂದ್ರತೆಗಳು, ಒಂದೊಂದಕ್ಕೆ ಕನಿಷ್ಠ ೭ ಮೀನುಗಳು, ೯೬ ಗಂಟೆಗಳ ಅವಧಿ: ಸ್ಥೂಲವಾಗಿ ಪರೀಕ್ಷೆಯೆಂದರೆ ಇಷ್ಟೆ. ಇದರ ಹಿಂದೆ ಒಂದು ನಂಬಿಕೆ ಇದೆ. ಪರೀಕ್ಷಿಸುವ ವಸ್ತು ನೀರಿನಲ್ಲಿ ಕರಗುತ್ತದೆ, ತೊಟ್ಟಿಯ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ, ನಾಲ್ಕು ದಿನವೂ ಅದೇ ಪ್ರಮಾಣದಲ್ಲಿ ಉಳಿಯುತ್ತದೆ ಎಂಬುದೇ ಆ ನಂಬಿಕೆ. ಉಪ್ಪು, ತಾಮ್ರದ ಲವಣ, ಕೀಟನಾಶಕ ಮುಂತಾದವುಗಳ ಮಟ್ಟಿಗೆ ಇದು ಬಹುಮಟ್ಟಿಗೆ ಸರಿ. ಇಂಗಾಲದ ಕಣಗಳ ವಿಷಯದಲ್ಲಿ ಮೂರೂ ಸುಳ್ಳಾದವು.

ಈ ಪರೀಕ್ಷೆಗಳ ಮುಖ್ಯ ಪಾತ್ರವಾದ ಜೀಬ್ರಾ ಮೀನು ನಮ್ಮ ದೇಶದ್ದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕೋಸಿ ನದಿಯಲ್ಲಿ ದೊರೆತ, ಮೈಯುದ್ದಕ್ಕೂ ನೀಲಿ ಪಟ್ಟೆಗಳಿರುವ ಈ ಕಿರುಮೀನನ್ನು ೧೮೨೨ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಈತ ಬೇರೆ ಯಾರೂ ಅಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈತನೇ. ಹ್ಯಾಮಿಲ್ಟನ್ ಎಂಬುದು ಉತ್ತರವಯಸ್ಸಿನಲ್ಲಿ ಧರಿಸಿದ ಹೆಸರು. ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆತನ ಪ್ರವಾಸವರದಿಯನ್ನು ಕರ್ನಾಟಕದ ಕೃಷಿ, ಕೈಗಾರಿಕೆ, ಜಾತಿವ್ಯವಸ್ಥೆಗಳ ಚರಿತ್ರೆ ಬರೆಯುವವರೆಲ್ಲರೂ ಬಳಸುತ್ತಾರೆ. ಆದರೆ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಆತನ ನೆನಪು ಉಳಿದಿರುವುದು ಈ ಕಿರುಮೀನಿನ ಶಾಸ್ತ್ರೀಯ ನಾಮದ ಬಾಲದಲ್ಲಿ. ಮುಂದೆ ಆರೆಗಾನ್ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೈಸಿಂಗರ್ ೧೯೮೧ರಲ್ಲಿ ಈ ಮೀನಿನ ತದ್ರೂಪಿ ತಳಿಗಳನ್ನು ಪಡೆದ ಬಗೆಯನ್ನು ಪ್ರಕಟಿಸಿದ ಮೇಲೆ ಅದು ಜೀವವಿಜ್ಞಾನದ ಸಾಮಾನ್ಯ ಸಾಧನವಾಯಿತು. ಮೊಟ್ಟೆ ಪಾರದರ್ಶಕ, ಒಳಗೆ ಹೃದಯ ಮಿಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಮೂರು ದಿನಗಳೊಳಗೆ ಮರಿ ಹೊರಬರುತ್ತದೆ. ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು ೭೦ಕ್ಕೆ ಈ ಮೀನಿನಲ್ಲಿ ಸಂವಾದಿಗಳಿವೆಯೆಂದು ೨೦೧೩ರಲ್ಲಿ ಸ್ಥಿರಪಟ್ಟಿತು.

೩

ಇಂಗಾಲದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೮೫ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಮತ್ತು ಅವರ ವಿದ್ಯಾರ್ಥಿಗಳು ೬೦ ಇಂಗಾಲ ಪರಮಾಣುಗಳ ಚೆಂಡಿನಾಕಾರದ ಅಣುವನ್ನು ಕಂಡರು. ೧೯೯೦ರಲ್ಲಿ ಕ್ರೆಚ್‌ಮರ್ ಮತ್ತು ಹಫ್‌ಮನ್ ಅದನ್ನು ಗ್ರಾಂಗಟ್ಟಲೆ ತಯಾರಿಸುವ ದಾರಿ ತೋರಿದರು. ೧೯೯೧ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೊನಳಿಕೆಗಳನ್ನು ವರ್ಣಿಸಿದರು. ಅಂತಹ ನಳಿಕೆಗಳ ಚಿತ್ರಗಳನ್ನು ಸೋವಿಯತ್ ವಿಜ್ಞಾನಿಗಳಿಬ್ಬರು ೧೯೫೨ರಲ್ಲಿಯೇ ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದ್ದರು ಎಂಬುದನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಇಂಗ್ಲಿಷಿನಲ್ಲಿ ಬರದಿದ್ದರೆ ಬಂದೇ ಇಲ್ಲವೆಂಬ ಈ ನಿಯಮ ನಮಗೂ ಗೊತ್ತಿರುವುದೇ. ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು ೧೯೯೦ರ ದಶಕದಲ್ಲಿಯೇ ಫುಲ್ಲರೀನ್ ಹಾಗೂ ನಳಿಕೆಗಳ ಮೇಲೆ ಕೆಲಸ ಮಾಡಿದರು. ೧೯೯೬ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಫುಲ್ಲರೀನಿಗೂ ೨೦೧೦ರ ಭೌತಶಾಸ್ತ್ರದ ಪಾರಿತೋಷಕ ಗ್ರಾಫೀನಿಗೂ ಸಂದಿತು.

ಇಂಗಾಲದ ಸೂಕ್ಷ್ಮಕಣಗಳೇ ಹೊಸವೆಂದು ಮಾತ್ರ ತಿಳಿಯಬಾರದು. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ ಎದ್ದು ಕಾಣಲೆಂದು ಲಿಪಿಕಾರರು ಸವರುತ್ತಿದ್ದ ದೀಪದ ಮಸಿಯೂ ಅಂತಹ ಕಣಗಳ ರಾಶಿಯೇ. ಹೊಸದೆಂದರೆ ಅವುಗಳನ್ನು ಬೇಕಾದ ಆಕಾರದಲ್ಲಿ, ಬೇಕಾದಷ್ಟು ಪ್ರಮಾಣದಲ್ಲಿ ಮಾಡುವ ವಿದ್ಯೆ. ೨೦೦೩ರ ಜನವರಿಯಲ್ಲಿ ಕೆನಡಾದ ಇಟಿಸಿ ಗುಂಪು ಇಂತಹ ವಸ್ತುಗಳ ಉತ್ಪಾದನೆಗೆ ತಡೆ ಹಾಕಬೇಕೆಂದು ಕೇಳಿತು. ೨೦೦೪ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಸಂಸ್ಥೆಗಳು ಜಂಟಿಯಾಗಿ ವರದಿಯೊಂದನ್ನು ಕೊಟ್ಟವು. ಹೆಚ್ಚಿನ ತಿಳಿವಳಿಕೆ ದೊರೆಯುವ ತನಕ ತಯಾರಿಸಿದ ನ್ಯಾನೊಕಣಗಳನ್ನು ಪರಿಸರಕ್ಕೆ ಬಿಡುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕೆಂಬುದು ಅದರ ಸಲಹೆ. ಆ ಎರಡು ದಿನಾಂಕಗಳ ನಡುವೆ ಒಂದು ಮೀನಿನ ಸುದ್ದಿ ಬಂದಿತು.

೪

೨೦೦೪ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ನಡೆದ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಮ್ಮೇಳನದಲ್ಲಿ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದ ಈವಾ ಓಬರ್‌ಡರ್ಸ್ಟರ್ ತಮ್ಮ ಪ್ರಯೋಗದ ಫಲವನ್ನು ಮಂಡಿಸಿದರು. ಅದೇ ಜುಲೈಯಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ಲಾರ್ಜ್‌ಮೌತ್ ಬಾಸ್ ಎಂಬ ಜಾತಿಯ ಎಳೆಯ ಮೀನುಗಳನ್ನು ಹತ್ತು ಲಕ್ಷಕ್ಕೆ ಅರ್ಧ ಭಾಗದಷ್ಟು ಸಿ-೬೦ ಫುಲ್ಲರೀನ್ ಬೆರೆತ ನೀರಿನಲ್ಲಿ ೪೮ ಗಂಟೆ ಇಟ್ಟಾಗ, ಅವುಗಳ ಮಿದುಳಿನ ಕೊಬ್ಬಿನಂಶ ಉತ್ಕರ್ಷಣಕ್ಕೆ ಒಳಗಾಗಿದ್ದುದು ಕಂಡುಬಂದಿತು. ಕಿವಿರಿನಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ದ್ರವ್ಯವು ಅಲ್ಪಮಟ್ಟಿಗೆ ಇಳಿದಿತ್ತು. ಇನ್ನೊಂದು ಸಂಗತಿ ಓದುಗರ ಗಮನಕ್ಕೆ ಅಷ್ಟಾಗಿ ಬಾರದೆ ಹೋಯಿತು: ಫುಲ್ಲರೀನ್ ಇದ್ದ ತೊಟ್ಟಿಗಳ ನೀರು ಹೆಚ್ಚು ತಿಳಿಯಾಗಿತ್ತು. ಅದು ಬ್ಯಾಕ್ಟೀರಿಯಾಗಳನ್ನು ಕೊಂದಿರಬಹುದೆಂದು ಲೇಖಕಿಯೇ ಊಹಿಸಿದರು.

ಪ್ರಬಂಧದ ಭಾಷೆ ಸಂಯಮದ್ದು. ಪತ್ರಿಕೆಗಳ ಭಾಷೆ ಹಾಗಿರಲಿಲ್ಲ. ನ್ಯಾನೊಕಣ ಮೀನಿನ ಮಿದುಳನ್ನು ಕೆಡಿಸುತ್ತದೆ ಎಂಬ ಒಂದು ವಾಕ್ಯ ಲೋಕಸಂಚಾರಕ್ಕೆ ಹೊರಟಿತು. ಸ್ಮಾರಕದಿಂದ ಬೇರ್ಪಟ್ಟ ಶಾಸನದ ಒಂದು ಸಾಲು ಹೇಗೆ ಸ್ವತಂತ್ರ ಪ್ರಮಾಣವಾಗಿಬಿಡುವುದೋ ಹಾಗೆ ಈ ವಾಕ್ಯವೂ ತನ್ನ ಪ್ರಯೋಗದಿಂದ ಬೇರ್ಪಟ್ಟಿತು. ನಾವು ಓದಿದ ಮಟ್ಟಿಗೆ, ಅದನ್ನು ಉದ್ಧರಿಸಿದ ಜನಪ್ರಿಯ ಬರಹಗಳಲ್ಲಿ ಆ ಫುಲ್ಲರೀನನ್ನು ನೀರಿಗೆ ಸೇರಿಸಿದ್ದು ಹೇಗೆಂದು ಕೇಳಿದವರು ವಿರಳ.

ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಸಿ-೬೦ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಮೊದಲು ಟೆಟ್ರಾಹೈಡ್ರೋಫ್ಯುರಾನ್ ಎಂಬ ದ್ರಾವಕದಲ್ಲಿ ಕರಗಿಸಿ, ಆ ದ್ರಾವಣವನ್ನು ನೀರಿಗೆ ಬೆರೆಸಿ, ಆಮೇಲೆ ದ್ರಾವಕವನ್ನು ಹೊರದೂಡಿದರೆ ನೀರಿನಲ್ಲಿ ಕಣಗಳ ಗುಂಪುಗಳು ತೇಲುತ್ತ ನಿಲ್ಲುತ್ತವೆಂದು ೨೦೦೧ರಲ್ಲಿ ಜಪಾನಿನ ದೇಗುಚಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ್ದರು. ಬಾಸ್ ಮೀನುಗಳ ಪ್ರಯೋಗದಲ್ಲಿ ಬಳಕೆಯಾದದ್ದು ದ್ರಾವಕದ ಈ ಮಾರ್ಗವೇ. ಹಾಗಾದರೆ ತೊಟ್ಟಿಯಲ್ಲಿದ್ದುದು ಫುಲ್ಲರೀನ್ ಮಾತ್ರವೇ? ೨೦೦೫ರಲ್ಲಿ ಉಕ್ರೇನಿನ ಖಾರ್ಕಿವ್ ನಗರದ ಆಂಡ್ರಿಯೆವ್‌ಸ್ಕಿ ಮತ್ತು ಸಂಗಡಿಗರು ಸಿ-೬೦ ಅಣುವು ನಿಜಕ್ಕೂ ವಿಷವೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು, ಆರೋಪ ಹೊರಬೇಕಾದುದು ದ್ರಾವಕವೆಂದು ವಾದಿಸಿದರು.

ಹಸ್ತಪ್ರತಿಶಾಸ್ತ್ರದಲ್ಲಿ ಇದಕ್ಕೆ ಸಮಾನವಾದ ಸನ್ನಿವೇಶ ನಮಗೆ ಪದೇಪದೇ ಎದುರಾಗುತ್ತದೆ. ಒಂದು ಪ್ರತಿಯಲ್ಲಿ ವಿಲಕ್ಷಣವಾದ ಪಾಠವೊಂದು ಕಂಡಾಗ, ಇದು ಕವಿಯದೋ ಲಿಪಿಕಾರನದೋ ಎಂದು ಕೇಳದೆ ಕವಿಯ ಮೇಲೆ ತೀರ್ಪು ಕೊಡುವಂತಿಲ್ಲ. ಅದನ್ನು ನಿರ್ಣಯಿಸುವುದಕ್ಕೆ ಇರುವ ಉಪಾಯ ಒಂದೇ: ಆ ಲಿಪಿಕಾರನ ಕೈ ತಾಗದ ಬೇರೊಂದು ಪ್ರತಿಯನ್ನು ಹುಡುಕುವುದು. ವಿಜ್ಞಾನಿಗಳೂ ಅದನ್ನೇ ಮಾಡಿದರು. ೨೦೦೬ರಲ್ಲಿ ಝು, ಓಬರ್‌ಡರ್ಸ್ಟರ್ ಮತ್ತು ಹಾಶ್ ಫ್ಯಾಟ್‌ಹೆಡ್ ಮಿನ್ನೊ ಎಂಬ ಮೀನಿನ ಮೇಲೆ ಎರಡು ಬಗೆಯ ಫುಲ್ಲರೀನ್ ನೀರನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದು ದ್ರಾವಕದ ಮೂಲಕ ಮಾಡಿದ್ದು, ಇನ್ನೊಂದು ಬರಿಯ ನೀರಿನಲ್ಲಿ ಬಹುಕಾಲ ಕಲಕಿ ಮಾಡಿದ್ದು. ಎರಡರಲ್ಲೂ ಸಾಂದ್ರತೆ ಹತ್ತು ಲಕ್ಷಕ್ಕೆ ಅರ್ಧ ಭಾಗ. ಮೊದಲನೆಯದರಲ್ಲಿ ೬ರಿಂದ ೧೮ ಗಂಟೆಗಳೊಳಗೆ ಮೀನುಗಳೆಲ್ಲವೂ ಸತ್ತವು. ಎರಡನೆಯದರಲ್ಲಿ ೪೮ ಗಂಟೆಗಳಾದರೂ ಹೊರನೋಟಕ್ಕೆ ಏನೂ ಆಗಲಿಲ್ಲ. ಹಿಂದಿನ ಪ್ರಬಂಧದ ಲೇಖಕಿಯೇ ಈ ಪ್ರಬಂಧದ ಲೇಖಕರಲ್ಲಿ ಒಬ್ಬರೆಂಬುದನ್ನು ವಿಶೇಷವಾಗಿ ಗುರುತಿಸಬೇಕು. ತಮ್ಮದೇ ಪಾಠವನ್ನು ಇನ್ನೊಂದು ಪ್ರತಿಯೊಡನೆ ಹೋಲಿಸಿ ನೋಡಿ, ವ್ಯತ್ಯಾಸವನ್ನು ಮುಚ್ಚಿಡದೆ ಅಚ್ಚುಹಾಕಿಸಿದ ಸಂಪಾದಕರು ನಮ್ಮ ಕ್ಷೇತ್ರದಲ್ಲಿ ಎಷ್ಟು ಮಂದಿ?

ನಿರ್ಣಾಯಕವಾದ ಸಾಕ್ಷ್ಯ ೨೦೦೭ರಲ್ಲಿ ಬಂದಿತು. ಟೆನೆಸ್ಸೀ ವಿಶ್ವವಿದ್ಯಾನಿಲಯದ ಥಿಯೊಡೋರ್ ಹೆನ್ರಿ ಮತ್ತು ಸಹೋದ್ಯೋಗಿಗಳು ಜೀಬ್ರಾ ಮೀನಿನ ಮರಿಗಳನ್ನು ತೆಗೆದುಕೊಂಡರು. ಇವರ ಪ್ರಯೋಗದ ಸೌಷ್ಠವ ಮೂರನೆಯ ತೊಟ್ಟಿಯಲ್ಲಿದೆ. ದ್ರಾವಕದಿಂದ ಮಾಡಿದ ಫುಲ್ಲರೀನ್ ನೀರು, ಬರಿಯ ನೀರಿನಲ್ಲಿ ಕಲಕಿದ ಫುಲ್ಲರೀನ್, ಇವೆರಡರ ಜೊತೆಗೆ ಫುಲ್ಲರೀನನ್ನೇ ಹಾಕದೆ ದ್ರಾವಕದ ಸಕಲ ಸಂಸ್ಕಾರಗಳನ್ನೂ ನಡೆಸಿದ ನೀರನ್ನೂ ಅವರು ಇಟ್ಟರು. ಮರಿಗಳು ಸತ್ತದ್ದು ಮೊದಲನೆಯದರಲ್ಲಿಯೂ ಮೂರನೆಯದರಲ್ಲಿಯೂ, ಎರಡನೆಯದರಲ್ಲಿ ಬದುಕಿದವು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾವ ಯಾವ ವಂಶವಾಹಿಗಳು ಕೆರಳಿದವೆಂದು ಲೆಕ್ಕಹಾಕಿದಾಗ, ದ್ರಾವಕ–ಫುಲ್ಲರೀನ್ ನೀರಿನಲ್ಲಿ ಬದಲಾದ ವಂಶವಾಹಿಗಳಲ್ಲಿ ಬಹುಪಾಲು, ಅಂದರೆ ೧೮೨, ಫುಲ್ಲರೀನಿಲ್ಲದ ದ್ರಾವಕದ ನೀರಿನಲ್ಲಿಯೂ ಅದೇ ರೀತಿ ಬದಲಾಗಿದ್ದವು. ಉತ್ಕರ್ಷಣದ ಹಾನಿಯನ್ನು ತಡೆಯುವ ವಂಶವಾಹಿಗಳು ಎರಡರಲ್ಲೂ ೩ರಿಂದ ೭ ಪಟ್ಟು ಹೆಚ್ಚು ಚುರುಕಾಗಿದ್ದವು.

ವಿಚಿತ್ರವೆಂದರೆ ನೀರನ್ನು ವಿಶ್ಲೇಷಿಸಿದಾಗ ಟೆಟ್ರಾಹೈಡ್ರೋಫ್ಯುರಾನ್ ಸಿಗಲೇ ಇಲ್ಲ. ಆರೋಪಿ ಜಾಗ ಖಾಲಿ ಮಾಡಿದ್ದನು. ಸಿಕ್ಕಿದ್ದು ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮಾರ್ಪಟ್ಟ ವಸ್ತುಗಳು, ಅವುಗಳಲ್ಲೊಂದು ಗಾಮಾ-ಬ್ಯುಟಿರೊಲ್ಯಾಕ್ಟೋನ್. ಹತ್ತು ಲಕ್ಷಕ್ಕೆ ೪೭ ಭಾಗದಷ್ಟಿದ್ದರೆ ೭೨ ಗಂಟೆಗಳಲ್ಲಿ ಮರಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಬಲ್ಲುದೆಂದು ಅವರೇ ಅಳೆದರು. ದ್ರಾವಕವನ್ನು ಹೊರದೂಡಿದ್ದಾಯಿತು, ಇನ್ನು ನೀರು ಶುದ್ಧವೆಂದು ತಿಳಿದುದೇ ಎಡವಿದ ಸ್ಥಳ. ನಾವು ಮೊದಲಲ್ಲಿ ನೆನೆದ ಗರವಿಷದ ಕಲ್ಪನೆಗೆ ಇದಕ್ಕಿಂತ ಹತ್ತಿರದ ಆಧುನಿಕ ಉದಾಹರಣೆ ದೊರೆಯಲಾರದು. ಪ್ರಾಚೀನರಿಗೆ ಇದೆಲ್ಲ ತಿಳಿದಿತ್ತೆಂದು ನಾವು ಖಂಡಿತ ಹೇಳುತ್ತಿಲ್ಲ. ಅಂತಹ ಮಾತುಗಳ ಹಾವಳಿ ಈಗಾಗಲೇ ಸಾಕಷ್ಟಿದೆ. ಸಂಸ್ಕಾರದ ವಿಧಾನವೇ ವಿಷವನ್ನು ಹುಟ್ಟಿಸಬಹುದೆಂಬ ಸಂಶಯವನ್ನು ಒಂದು ವರ್ಗವಾಗಿ ಹೆಸರಿಸಿದ್ದರು ಎಂದಷ್ಟೇ ನಮ್ಮ ಅಭಿಪ್ರಾಯ.

ಇಷ್ಟರಿಂದ ಫುಲ್ಲರೀನ್ ನಿರ್ದೋಷಿಯೆಂದು ಸಾರುವುದೂ ಅವಸರವೇ. ಅದೇ ೨೦೦೭ರಲ್ಲಿ ಆರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯದ ಉಸೆಂಕೊ, ಹಾರ್ಪರ್ ಮತ್ತು ಟ್ಯಾಂಗ್ವೇ ಬೇರೊಂದು ದ್ರಾವಕವನ್ನು ಬಳಸಿ ಜೀಬ್ರಾ ಮೀನಿನ ಭ್ರೂಣಗಳ ಮೇಲೆ ಪ್ರಯೋಗ ನಡೆಸಿದರು. ಲೀಟರಿಗೆ ೨೦೦ ಮೈಕ್ರೋಗ್ರಾಂ ಸಾಂದ್ರತೆಯಲ್ಲಿ ಸಿ-೬೦, ಸಿ-೭೦ ಎರಡೂ ಅಂಗವಿಕಾರಗಳನ್ನು ಹೆಚ್ಚಿಸಿದವು, ಹೃದಯದ ಸುತ್ತ ನೀರು ತುಂಬಿಸಿದವು. ಮೈಮೇಲೆ ಹೈಡ್ರಾಕ್ಸಿಲ್ ಗುಂಪುಗಳನ್ನು ಹೊತ್ತ ಫುಲ್ಲರೀನ್ ಹತ್ತು ಪಟ್ಟು ಹೆಚ್ಚಿದ್ದಾಗಲೂ ಅಷ್ಟು ಹಾನಿ ಮಾಡಲಿಲ್ಲ. ಮರುವರ್ಷ ಅವರೇ ಬೆಳಕನ್ನು ಕಡಮೆಮಾಡಿ ನೋಡಿದಾಗ ಹಾನಿಯೂ ಕಡಮೆಯಾಯಿತು. ಅಂದಮೇಲೆ ಫುಲ್ಲರೀನ್ ವಿಷವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಫುಲ್ಲರೀನ್, ಯಾವ ಮಾರ್ಗದಿಂದ ನೀರಿಗಿಳಿದದ್ದು, ಎಷ್ಟು ಬೆಳಕಿನಲ್ಲಿ ಎಂದು ಕೇಳಿದ ಮೇಲೆಯೇ ಉತ್ತರದ ಮಾತು.

೫

ನ್ಯಾನೊನಳಿಕೆಗಳ ವೃತ್ತಾಂತದಲ್ಲಿ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಸ್ಮಿತ್, ಶಾ ಮತ್ತು ರಿಚರ್ಡ್ ಹ್ಯಾಂಡಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ಲೀಟರಿಗೆ ೦.೧, ೦.೨೫ ಮತ್ತು ೦.೫ ಮಿಲಿಗ್ರಾಂ ಒಂಟಿಪದರದ ನಳಿಕೆಗಳಿದ್ದ ನೀರಿನಲ್ಲಿ ೧೦ ದಿನ ಇಟ್ಟರು. ನಳಿಕೆಗಳು ಒಂದಕ್ಕೊಂದು ಅಂಟದಿರಲೆಂದು ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಮಾರ್ಜಕವನ್ನು ಅತ್ಯಲ್ಪವಾಗಿ ಬೆರೆಸಿ ಶ್ರವಣಾತೀತ ಧ್ವನಿಯಿಂದ ಕದಡಿದ್ದರು. ಬರಿಯ ಮಾರ್ಜಕದ ತೊಟ್ಟಿಯೊಂದನ್ನು ಹೋಲಿಕೆಗಾಗಿ ಬೇರೆ ಇಟ್ಟಿದ್ದರು. ನಳಿಕೆ ಹೆಚ್ಚಿದಂತೆ ಮೀನುಗಳ ಉಸಿರಾಟದ ವೇಗ ಹೆಚ್ಚಿತು. ಕಿವಿರು ಊದಿಕೊಂಡು ಲೋಳೆ ಸುರಿಸಿತು, ಆ ಲೋಳೆಯಲ್ಲಿ ಕಪ್ಪು ನಳಿಕೆಗಳು ಸಿಕ್ಕಿಕೊಂಡವು. ನಾವು ಹೊಗೆಗೆ ಕೆಮ್ಮುವಂತೆ ಮೀನು ಲೋಳೆಯಿಂದ ತನ್ನನ್ನು ಕಾಯ್ದುಕೊಳ್ಳುತ್ತದೆ. ಮೀನುಗಳು ಪರಸ್ಪರ ಈಜುರೆಕ್ಕೆಗಳನ್ನು ಕಚ್ಚಾಡಿದವು, ಕೆಲವು ಸತ್ತವು. ಮಿದುಳಿನಲ್ಲಿಯೂ ವಿಕೃತಿಗಳು ಕಂಡವು. ಈ ನಳಿಕೆಗಳು ಟ್ರೌಟ್ ಮೀನಿಗೆ ಉಸಿರಾಟದ ವಿಷವೆಂದು ಅವರು ತೀರ್ಮಾನಿಸಿದರು. ಮಾರ್ಜಕದ ತೊಟ್ಟಿಯಿದ್ದುದರಿಂದ ಈ ತೀರ್ಮಾನ ೨೦೦೪ರ ತೀರ್ಮಾನಕ್ಕಿಂತ ಗಟ್ಟಿಯಾದ ನೆಲದ ಮೇಲೆ ನಿಂತಿದೆಯೆಂಬುದು ನಮ್ಮ ಎಣಿಕೆ.

ಜೀಬ್ರಾ ಮೀನಿನ ಮೊಟ್ಟೆ ಬೇರೆಯೇ ಸಾಕ್ಷ್ಯ ನುಡಿಯಿತು. ಹಾಂಗ್‌ಕಾಂಗಿನ ಚೆಂಗ್ ಮತ್ತು ಸಹೋದ್ಯೋಗಿಗಳು ಅದೇ ವರ್ಷ ವರದಿ ಮಾಡಿದಂತೆ, ಲೀಟರಿಗೆ ೧೨೦ ಮಿಲಿಗ್ರಾಂಗಿಂತ ಹೆಚ್ಚು ನಳಿಕೆಗಳಿದ್ದಾಗ ಮರಿ ಹೊರಬರುವುದು ತಡವಾಯಿತು. ಆದರೆ ೭೫ ಗಂಟೆಗಳ ಹೊತ್ತಿಗೆ ನೂರಕ್ಕೆ ೯೯ ಮೊಟ್ಟೆಗಳು ಒಡೆದಿದ್ದವು, ೩೬೦ ಮಿಲಿಗ್ರಾಂ ಇದ್ದಾಗಲೂ ಭ್ರೂಣದ ಬೆಳೆವಣಿಗೆ ಕೆಡಲಿಲ್ಲ. ಕಾರಣ ಸರಳ. ಗುಂಪುಗಟ್ಟಿದ ನಳಿಕೆಗಳು ಮೊಟ್ಟೆಯ ಹೊರಪೊರೆಯ ರಂಧ್ರಗಳನ್ನು ದಾಟಲಾರದೆ ಹೊರಗೇ ನಿಂತವು. ಹಾಗಾದರೆ ತಡವಾದದ್ದೇಕೆ? ನಳಿಕೆಗಳನ್ನು ಬೆಳೆಸುವಾಗ ಬಳಸಿದ ಕೋಬಾಲ್ಟ್ ಮತ್ತು ನಿಕ್ಕಲ್ ಲೋಹಗಳ ಲವಲೇಶ ಶುದ್ಧೀಕರಣದ ತರುವಾಯವೂ ಉಳಿದಿದ್ದು, ಅವೇ ಇದಕ್ಕೆ ಕಾರಣವಾಗಿರಬೇಕೆಂದು ಅವರು ಭಾವಿಸಿದರು. ಇಲ್ಲಿಯೂ ಲಿಪಿಕಾರನ ಕೈವಾಡ. ಆದರೆ ಈ ಲಿಪಿಕಾರ ಪ್ರಯೋಗಶಾಲೆಯಲ್ಲಿ ಬಂದು ಸೇರಿದವನಲ್ಲ, ಕಾರ್ಖಾನೆಯಿಂದಲೇ ಜೊತೆಗೆ ಬಂದವನು. ನದಿಗೆ ನಳಿಕೆ ಸೇರುವುದಾದರೆ ಆ ಲೋಹವೂ ಸೇರುತ್ತದೆ. ಆದ್ದರಿಂದ ಇದನ್ನು ಪ್ರಕ್ಷಿಪ್ತವೆಂದು ಕಿತ್ತೆಸೆಯಲು ಬರುವುದಿಲ್ಲ. ದ್ರಾವಕದ ಪ್ರಕರಣಕ್ಕೂ ಲೋಹದ ಪ್ರಕರಣಕ್ಕೂ ಇರುವ ಈ ಅಂತರವನ್ನು ಅನೇಕ ವಿಮರ್ಶೆಗಳು ಅಲಕ್ಷಿಸಿವೆಯೆಂದು ನಮಗೆ ತೋರುತ್ತದೆ.

೬

ಸಂಸ್ಥೆಗಳ ಮಟ್ಟದಲ್ಲಿ ನಡೆದುದನ್ನು ವಿಸ್ತರಿಸಬೇಕಾಗಿಲ್ಲ. ಓಇಸಿಡಿ ೨೦೦೬ರಲ್ಲಿ ನ್ಯಾನೊವಸ್ತುಗಳಿಗಾಗಿ ಒಂದು ಕಾರ್ಯಸಮಿತಿಯನ್ನು ರಚಿಸಿತು. ಮರುವರ್ಷ ಆರಂಭವಾದ ಪರೀಕ್ಷಾ ಕಾರ್ಯಕ್ರಮದ ಮೊದಲ ಪಟ್ಟಿಯಲ್ಲಿದ್ದ ೧೪ ವಸ್ತುಗಳಲ್ಲಿ ಫುಲ್ಲರೀನ್, ಒಂಟಿಪದರದ ನಳಿಕೆ, ಬಹುಪದರದ ನಳಿಕೆ, ಇಂಗಾಲದ ಮಸಿ ಎಂಬ ನಾಲ್ಕು ಇಂಗಾಲದವು. ಲಿಪಿಕಾರರ ಹಳೆಯ ಮಸಿಗೂ ಹೀಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ೨೦೧೭ರಲ್ಲಿ ಬಂದ ೩೧೮ನೆಯ ಮಾರ್ಗಸೂಚಿ ಕೇವಲ ಒಂದೇ ವಿಷಯವನ್ನು ಕುರಿತದ್ದು: ನ್ಯಾನೊಕಣಗಳು ನೀರಿನಲ್ಲಿ ಎಷ್ಟು ಹೊತ್ತು ಹರಡಿಕೊಂಡು ನಿಲ್ಲುತ್ತವೆ. ೨೦೨೦ರ ೩೧೭ನೆಯ ಮಾರ್ಗದರ್ಶಿ ಪತ್ರವು ಜಲಚರಗಳ ಪರೀಕ್ಷೆಯನ್ನು ಈ ವಸ್ತುಗಳಿಗೆ ಹೇಗೆ ಒಗ್ಗಿಸಬೇಕೆಂಬುದನ್ನು ವಿವರಿಸುತ್ತದೆ. ೨೦೦೪ರ ತೊಟ್ಟಿಯಿಂದ ಹಿಡಿದು ಇಲ್ಲಿಗೆ ೧೬ ವರ್ಷಗಳಾದವು.

ಈ ನಡುವೆ ಮೀನಿನ ಸ್ಥಾನವೂ ಬದಲಾಯಿತು. ಯುರೋಪಿನ ಒಕ್ಕೂಟವು ೨೦೧೦ರಲ್ಲಿ ಮಾಡಿದ ಕಾಯಿದೆಯಂತೆ ಮೀನಿನ ಮರಿ ಸ್ವತಂತ್ರವಾಗಿ ಆಹಾರ ತಿನ್ನತೊಡಗಿದ ಮೇಲೆಯೇ ರಕ್ಷಣೆಗೆ ಅರ್ಹವಾದ ಪ್ರಾಣಿ. ಅದಕ್ಕೆ ಮುಂಚಿನ ಭ್ರೂಣದ ಮೇಲೆ ನಡೆಸುವ ೯೬ ಗಂಟೆಗಳ ಪರೀಕ್ಷೆಗೆ ಓಇಸಿಡಿ ೨೦೧೩ರಲ್ಲಿ ೨೩೬ನೆಯ ಮಾರ್ಗಸೂಚಿಯ ಮೂಲಕ ಮನ್ನಣೆ ಕೊಟ್ಟಿತು. ದೊಡ್ಡ ಮೀನನ್ನು ಕೊಲ್ಲದೆ ಪರೀಕ್ಷೆ ನಡೆಯುವುದು ಸ್ವಾಗತಾರ್ಹವೇ. ಆದರೆ ಇಂಗಾಲದ ಕಣಗಳ ಮಟ್ಟಿಗೆ ಭ್ರೂಣಕ್ಕೆ ಹೊರಪೊರೆಯ ಕವಚವಿದೆಯೆಂಬುದನ್ನೂ, ಟ್ರೌಟ್ ಮೀನಿನಲ್ಲಿ ಪೆಟ್ಟು ಬಿದ್ದದ್ದು ಉಸಿರಾಡುವ ಕಿವಿರಿಗೆ ಎಂಬುದನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಭ್ರೂಣ ಉಳಿಯಿತೆಂಬ ಮಾತ್ರಕ್ಕೆ ವಸ್ತು ನಿರಪಾಯವೆನ್ನಲು ಧೈರ್ಯ ಬಾರದು.

ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಮನುಷ್ಯನ ಹೊರತು ಉಳಿದ ಯಾವುದೇ ಜೀವಿಯನ್ನು ಪ್ರಾಣಿಯೆಂದು ನಿರೂಪಿಸುವುದರಿಂದ ಮೀನೂ ಅದರೊಳಗೆ ಬರುತ್ತದೆ. ಕೇಂದ್ರ ಸರಕಾರ ೨೦೦೭ರ ಮೇ ತಿಂಗಳಲ್ಲಿ ಐದು ವರ್ಷಕ್ಕೆ ೧೦೦೦ ಕೋಟಿ ರೂಪಾಯಿಗಳ ನ್ಯಾನೊ ಮಿಷನ್ ಯೋಜನೆಯನ್ನು ಮಂಜೂರು ಮಾಡಿತು. ಪ್ಲಿಮತ್ತಿನ ಟ್ರೌಟ್‌ಗಳ ವರದಿ ಬಂದದ್ದೂ ಅದೇ ವರ್ಷವೆಂಬುದು ಕಾಕತಾಳೀಯ. ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ನ್ಯಾನೊವಿಷವಿಜ್ಞಾನದ ಕೆಲಸ ನಡೆದಿದೆ. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವವಿಜ್ಞಾನ ಕೇಂದ್ರದಲ್ಲಿ ಜೀಬ್ರಾ ಮೀನನ್ನು ಸಾಕಿ ಅಧ್ಯಯನ ನಡೆಸುತ್ತಾರೆ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆಯು ಈ ಮೀನಿನ ಭಾರತೀಯ ಕಾಡುತಳಿಯ ಜೀನೋಮನ್ನು ಓದಿ ಮುಗಿಸಿದ್ದಾಗಿ ೨೦೦೯ರಲ್ಲಿ ಪ್ರಕಟಿಸಿತು. ಹೊರನಾಡಿನಲ್ಲಿದ್ದು ವಿಜ್ಞಾನದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬಯಸುವ ನಮ್ಮ ಓದುಗರಿಗೆ ಇವು ದೂರದ ಸಂಸ್ಥೆಗಳಲ್ಲ. ಅನೇಕರ ಮನೆಯಿಂದ ಒಂದೆರಡು ಬಸ್ಸುಗಳ ದಾರಿ. ಬುಕಾನನ್ನನ ಮೀನು ಪರದೇಶಗಳನ್ನು ಸುತ್ತಿ ಇಲ್ಲಿಗೆ ಮರಳಿದ ಚರಿತ್ರೆಯನ್ನು ಅಲ್ಲಿನ ದಾಖಲೆಗಳಿಂದ ಬರೆಯಲು ಸಾಧ್ಯವಿದೆ.

ಇನ್ನೊಂದು ತೊಡಕನ್ನು ಹೇಳಬೇಕು. ಮೀನಿನ ದೇಹವೇ ಇಂಗಾಲದಿಂದಾದದ್ದು. ಅದರೊಳಗೆ ಹೊಕ್ಕ ಇಂಗಾಲದ ನಳಿಕೆಯನ್ನು ಗುರುತಿಸುವುದು ಹೇಗೆ? ಇದಕ್ಕೆ ನೆರವಾದುದು ಪ್ರಾಕ್ತನ ಶಾಸ್ತ್ರಜ್ಞರಿಗೆ ಕಾಲನಿರ್ಣಯದ ಮೂಲಕ ಪರಿಚಿತವಾದ ಇಂಗಾಲ-೧೪. ವಿಕಿರಣಶೀಲವಾದ ಆ ಇಂಗಾಲದಿಂದಲೇ ನಳಿಕೆಗಳನ್ನು ತಯಾರಿಸಿದರೆ ಅವು ಹೋದೆಡೆಯಲ್ಲೆಲ್ಲ ಪತ್ತೆಯಾಗುತ್ತವೆ. ಜರ್ಮನಿಯ ಆಹೆನ್ ನಗರದ ಸಂಶೋಧಕರು ೨೦೧೪ರಲ್ಲಿ ಈ ವಿಧಾನದಿಂದ ಜೀಬ್ರಾ ಮೀನುಗಳನ್ನು ಪರೀಕ್ಷಿಸಿದಾಗ, ಒಳಹೊಕ್ಕ ಬಹುಪದರದ ನಳಿಕೆಗಳಲ್ಲಿ ಬಹುಭಾಗ ಕರುಳಿನಲ್ಲಿಯೇ ಉಳಿದಿತ್ತು.

೨೦೨೧ರಲ್ಲಿ ಓಇಸಿಡಿ ೨೪೯ನೆಯ ಮಾರ್ಗಸೂಚಿಯನ್ನು ಅಂಗೀಕರಿಸಿತು. ಇದರಲ್ಲಿ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ರೇನ್‌ಬೋ ಟ್ರೌಟ್ ಮೀನಿನ ಕಿವಿರಿನಿಂದ ಹಿಂದೆಂದೋ ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿಕೊಂಡು ಬಂದ ಜೀವಕೋಶಗಳ ಮೇಲೆ ರಾಸಾಯನಿಕವನ್ನು ಪ್ರಯೋಗಿಸುತ್ತಾರೆ. ಕೋಶಗಳು ಬಟ್ಟಲಿನ ತಳದಲ್ಲಿ ಅಂಟಿಕೊಂಡಿರುತ್ತವೆ. ಕರಗುವ ವಸ್ತುವಾದರೆ ಅವುಗಳಿಗೆ ತಾಗುವ ಪ್ರಮಾಣ ಸುಲಭವಾಗಿ ತಿಳಿಯುತ್ತದೆ. ಇಂಗಾಲದ ಕಣಗಳಾದರೆ ಮೊದಲು ತೇಲುತ್ತವೆ, ಆಮೇಲೆ ಗುಂಪುಗಟ್ಟಿ ಕೆಳಗಿಳಿದು ಕೋಶಗಳ ಮೇಲೆ ರಾಶಿ ಬೀಳುತ್ತವೆ. ನೀರಿನಲ್ಲಿ ಎಷ್ಟಿತ್ತು, ಕೋಶಕ್ಕೆ ತಾಗಿದ್ದೆಷ್ಟು ಎಂಬ ಲೆಕ್ಕವನ್ನು ಅಲ್ಲಿಯೂ ಬೇರೆಬೇರೆಯಾಗಿಯೇ ಹಾಕಬೇಕಾಗುತ್ತದೆ.